ಗಿಡಕ್ಕೆ ನೋವಾಗದ ಪಟ್ಟಾ

ಅಹಿಂಸೆಗಿಂತ ದೊಡ್ಡ ಧರ್ಮ ಇನ್ನೊಂದಿಲ್ಲ ಎಂದು ಹಿರಿಯರು ಹೇಳಿದ್ದಾರೆ, ಕಿರಿಯರು ಪರೀಕ್ಷೆಯಲ್ಲಿ ಬರೆದಿದ್ದಾರೆ, ಯಾರೂ ಅಲ್ಲಗಳೆದಿಲ್ಲ. ನಮ್ಮ ಮನೆಯಲ್ಲೂ ಈ ಧರ್ಮವನ್ನು ಕಟ್ಟುನಿಟ್ಟಾಗಿ ಪಾಲಿಸಲಾಗುತ್ತಿತ್ತು. ಆದರೆ ಅದು ಹಿತ್ತಲಿನ ನಾಲ್ಕು ತೆಂಗಿನ ಗಿಡಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಹಿತ್ತಲ ಬಾಗಿಲಿನಿಂದ ಈಚೆಗೆ, ಅಂದರೆ ಬಚ್ಚಲು, ಅಡುಗೆಮನೆ, ದೇವರ ಕೋಲಿ, ಪಡಸಾಲೆ, ಅಂಗಳ, ಇಷ್ಟೂ ಸೀಮೆಯಲ್ಲಿ ಹೊಡೆತ ನಡೆಯುತ್ತಿತ್ತು. ಮಾಳಿಗೆಯ ಮೇಲೆ ಬಿದ್ದ ಮಳೆಯಂತೆ ಅದು ಮೇಲಿನಿಂದ ಕೆಳಕ್ಕೆ ಹರಿಯುತ್ತಿತ್ತು: ಅಪ್ಪನಿಂದ ಅವ್ವನಿಗೆ; ಅಪ್ಪನ ತಾಯಿಯಾದ ಆಯಿಯಿಂದ, ಊದುಗೊಳವೆಯ ಮುಖಾಂತರ, ಮತ್ತೆ ಅವ್ವನಿಗೆ; ಅವ್ವನಿಂದ ನನಗೆ. ನನ್ನ ಕೆಳಗೆ ಆಕಳು ಒಂದೇ ಇತ್ತು, ಅದು ದೇವರು. ಹೀಗಾಗಿ ನಾನು ನನ್ನ ಪಾಲಿನ ಸಿಟ್ಟನ್ನು ಹಿತ್ತಲ ಗೋಡೆಯಾಚೆಯ ಹುಣಸೆ ಗಿಡಕ್ಕೆ ಕಲ್ಲು ಬೀಸಿ ತೀರಿಸಿಕೊಳ್ಳುತ್ತಿದ್ದೆ. ಗಿಡಕ್ಕೆ ಕಲ್ಲು ಹೊಡೆದದ್ದು ಅಪ್ಪನ ಕಣ್ಣಿಗೆ ಬಿದ್ದರೆ ಹೊಡೆತ ಮೊದಲಿನಿಂದ ಶುರುವಾಗುತ್ತಿತ್ತು.

ನಮ್ಮದು ಬೈಲಹೊಂಗಲದ ಅಯ್ಯನವರ ಮನೆತನ, ಇರುವೆಗೂಡಿಗೆ ಸಕ್ಕರೆ ಹಾಕುವ ಜನ. ಅಜ್ಜ ಮನೆಮನೆಗೆ ಹೋಗಿ ಲಗ್ನ, ಶಾಂತಿ, ವಾಸ್ತು ಮಾಡಿಸಿ ಬರುತ್ತಿದ್ದನಂತೆ. ಅಪ್ಪನಿಗೆ ಮಂತ್ರ ಬಾಯಿಗೆ ಹತ್ತಲಿಲ್ಲ, ನಟ್ಟು ತಿರುಗಿಸುವ ಪಾನಾ ಕೈಗೆ ಹತ್ತಿತು. ಅರಳೆಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆದ. ಊರವರು ಮಾತ್ರ ಅವನನ್ನು ಅಯ್ಯಾರ ಎಂದೇ ಕರೆದು, ಎಣ್ಣೆಕಪ್ಪು ಹತ್ತಿದ ಕಾಲಿಗೇ ನಮಸ್ಕಾರ ಮಾಡುತ್ತಿದ್ದರು. ಬೇರೆ ಮನೆಗಳಲ್ಲಿ ಪಾತ್ರೆಗಳಿಗೆ ಹೆಸರು ಕೊರೆಸಿ ಗುರುತಿಡುತ್ತಾರೆ. ನಾವು ತಗ್ಗು ನೋಡಿ ಗುರುತು ಹಿಡಿಯುತ್ತಿದ್ದೆವು. ಹೊಟ್ಟೆ ಒಳಗೆ ಹೋದ ತಂಬಿಗೆ ಯುಗಾದಿಯದು. ಅವತ್ತು ಹೋಳಿಗೆ ಹರಿದಿತ್ತು. ಬಾಯಿ ಸೊಟ್ಟಾದ ಚರಿಗೆ ನಾಗರಪಂಚಮಿಯದು, ಉಂಡಿ ಗಟ್ಟಿಯಾಗಿತ್ತು. ಹಬ್ಬದ ದಿನ ಇವುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಹಿಂದಿನ ಹಬ್ಬಗಳೆಲ್ಲ ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಬೇರೆಯವರ ಮನೆಯ ಸಪಾಟು ತಂಬಿಗೆ ಮುಟ್ಟಿದರೆ ಅವರ ಮನೆಯಲ್ಲಿ ಏನೂ ನಡೆದೇ ಇಲ್ಲವೇನೋ ಎಂದು ನನಗೆ ಮರುಕವಾಗುತ್ತಿತ್ತು.

ಅವ್ವ ರಾಮದುರ್ಗದವಳು. ಅವಳ ತಮ್ಮ, ನನ್ನ ಸೋದರಮಾವ, ವರ್ಷಕ್ಕೊಮ್ಮೆ ಅಕ್ಕನ ಪರವಾಗಿ ಜಗಳ ತೆಗೆಯಲೆಂದು ಬಸ್ಸು ಹತ್ತಿ ಬರುತ್ತಿದ್ದ. ಅವನೆದುರು ಅಪ್ಪ ತನ್ನ ಸಿದ್ಧಾಂತವನ್ನು ಶಾಂತವಾಗಿ ಮಂಡಿಸಿದ್ದು ನನಗೆ ನೆನಪಿದೆ.

“ತೆಂಗಿನ ಗಿಡಕ್ಕ ಗಾಯ ಆದ್ರ ಮಾಯೂದಿಲ್ಲಪಾ. ಒಂದ ಮೊಳಿ ಹೊಡದ ನೋಡು, ಆ ತೂತು ಗಿಡ ಸಾಯೂತನಕ ಹಂಗ ಇರತೈತಿ. ಮನಿಶಾಂದು ಹಂಗಲ್ಲ. ಎಂಟ ದಿನಕ್ಕ ಮಾಯತೈತಿ.”

“ಅದೂ ಖರೆನ ಬಿಡ್ರಿ ಮಾವಾರ” ಎಂದ ಮಾವ, ಉಪ್ಪಿಟ್ಟು ತಿಂದು ಸಂಜೆಯ ಬಸ್ಸಿಗೆ ಹೋದ.

ಆ ವರ್ಷದ ಬೇಸಿಗೆಯಲ್ಲಿ ರೊಟ್ಟಿ ತಣ್ಣಗಾಗಿದೆಯೆಂದು ಅಪ್ಪ ಅವ್ವನ ಎಡಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದ. ಮಣಿಕಟ್ಟು ಮುರಿದ ಸದ್ದು ಒಣ ತೊಗರಿಕಟ್ಟಿಗೆ ಮುರಿದಂತೆ ಕೇಳಿತು, ಅಷ್ಟೇ. ಎಲುಬು ಕೂಡಿಸುವ ಮುದುಕ ಬಂದು ಬಿದಿರ ಸೀಳು ಕಟ್ಟಿ, ಅಪ್ಪನಿಗೆ ಕೇಳುವಂತೆ ಅವ್ವನಿಗೆ ಹೇಳಿದ:

“ಇನ್ನೊಮ್ಮಿ ಇದ ಜಾಗಾದಾಗ ಮುರೀತಂದ್ರ ಈ ಕೈ ರೊಟ್ಟಿ ಬಡಿಯೂದಿಲ್ಲ ನೋಡ ತಾಯಿ. ಬಿದ್ದಿದ್ದಿ ಅಂತ ಅಂದಿ, ಹುಷಾರಲೇ ಬೀಳು.”

ನನಗೆ ಆಗ ಹತ್ತು ವರ್ಷ. ಆ ವರ್ಷ ನನಗೆ ಬೇಕಾದದ್ದು ಒಂದೇ: ಅವ್ವನಿಗೆ ಬೀಳುವ ಹೊಡೆತ ನಿಲ್ಲಬೇಕು. ಇದಕ್ಕಾಗಿ ನಾನು ಕೈಗೊಂಡ ಉಪಾಯಗಳು ಹಲವು. ಅಪ್ಪನ ತಾಟಿಗೆ ಬಿಸಿ ರೊಟ್ಟಿ ಓಡಿಸಿಕೊಂಡು ಒಯ್ದೆ. ಓಡಿದ್ದಕ್ಕೆ ಹೊಡೆತ ಬಿತ್ತು. ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತೆ; ದೇವಿಗೆ ಅದಕ್ಕಿಂತ ತುರ್ತಿನ ಕೆಲಸಗಳಿದ್ದಿರಬೇಕು. ಕೊನೆಗೆ ಅಪ್ಪನನ್ನು ಆದಷ್ಟು ಹೊತ್ತು ಗಿಡದ ಮೇಲೇ ಇರಿಸುವುದೊಂದೇ ದಾರಿ ಎಂಬ ತೀರ್ಮಾನಕ್ಕೆ ಬಂದೆ. ಏಕೆಂದರೆ ಗಿಡದ ಮೇಲೆ ಅಪ್ಪ ಬೇರೆಯೇ ಮನುಷ್ಯ. ಅದು ಹೇಗೆಂದು ಹೇಳಲು ಪಟ್ಟಾದ ಕತೆ ಹೇಳಬೇಕು.

ಈಗ ಮೊಬೈಲಿನಲ್ಲಿ ಯಾರೋ ಹುಡುಗರು ಮುಳ್ಳಿಲ್ಲದೆ ತೆಂಗು ಏರುವ ಸಾಧನವೊಂದನ್ನು ತೋರಿಸಿ, ಜಗತ್ತಿನಲ್ಲೇ ಮೊದಲು ಎಂಬಂತೆ ಮಾತಾಡುತ್ತಾರೆ. ಜಗತ್ತಿನಲ್ಲಿ ಮೊದಲೋ ಅಲ್ಲವೋ, ನಮ್ಮ ಓಣಿಯಲ್ಲಿ ಮೊದಲು ಅಪ್ಪನೇ. ಅದಕ್ಕೆ ಮುಂಚೆ ವರ್ಷಕ್ಕೆರಡು ಸಲ ಹೂಲಿಯಿಂದ ಎಲ್ಲಪ್ಪ ಎಂಬವನು ಬಂದು ಗಿಡ ಏರಿ, ಕಾಯಿ ಇಳಿಸಿ, ಒಣಗಿದ ಗರಿ ಕಡಿದು ಹಾಕುತ್ತಿದ್ದ. ಯಾವಾಗಲೂ ಹಗ್ಗದಲ್ಲಿ ಏರುವವನು ಆ ಸಲ ಮೀನಖಂಡಕ್ಕೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಬಂದಿದ್ದ. ಒಂದೊಂದು ಹೆಜ್ಜೆಗೆ ಒಂದೊಂದು ಚುಚ್ಚು, ಸರಸರ ಏರುತ್ತಿದ್ದ. ಡ್ಯೂಟಿ ಮುಗಿಸಿ ಬಂದ ಅಪ್ಪ ಗಿಡದ ಮೈಮೇಲಿನ ತೂತುಗಳನ್ನು ನೋಡಿದ. ಬೆರಳಿಟ್ಟು ನೋಡಿದ. ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಎಲ್ಲಪ್ಪನ ಕಾಲು ಹಿಡಿದು ಕೆಳಗೆಳೆದು, ಎದೆಯ ಮೇಲೆ ಮೊಣಕಾಲಿಟ್ಟು, ಅವನದೇ ಮುಳ್ಳನ್ನು ಬಿಚ್ಚಿ ಅವನದೇ ಮೀನಖಂಡಕ್ಕೆ ಇಳಿಸಿದ.

“ಹೆಂಗಾತು? ಗಿಡಕ್ಕೂ ಹಂಗ ಆತು.”

“ನನಗ ಬಾಯಿ ಐತ್ರಿ ಅಯ್ಯಾರ, ಒದರಾಕತ್ತೇನಿ” ಎಂದು ಎಲ್ಲಪ್ಪ ನೆಲದಲ್ಲಿ ಉರುಳುತ್ತಲೇ ಉತ್ತರ ಕೊಟ್ಟ. “ಗಿಡ ಏನರ ಅಂದಿತ್ತೇನ್ರಿ?”

ಅಲ್ಲಿಂದ ಮುಂದೆ ಹೂಲಿಯಿಂದ ಕಿತ್ತೂರಿನವರೆಗೆ ಗಿಡ ಏರುವವರು ಯಾರೂ ನಮ್ಮ ಹಿತ್ತಲಿಗೆ ಬರಲಿಲ್ಲ. ಒಣಗಿದ ಗರಿಗಳು ಗಿಡದ ಕೊರಳಿಗೆ ಜೋತುಬಿದ್ದು, ಗಾಳಿ ಬಂದಾಗ ಒಂದೊಂದೇ ಕಳಚಿ ಬೀಳತೊಡಗಿದವು. ಒಂದು ಗರಿ ಕರುವಿನ ಬೆನ್ನ ಮೇಲೆ ಬಿತ್ತು, ಇನ್ನೊಂದು ಬಚ್ಚಲ ಹೆಂಚಿನ ಮೇಲೆ, ಒಳಗೆ ಆಯಿ ಇದ್ದಾಗ. ಆಗ ಅಪ್ಪ ಪಟ್ಟಾ ಮಾಡಲು ಕೂತ.

ಜಿನ್ನಿಂಗ್ ಯಂತ್ರಗಳನ್ನು ತಿರುಗಿಸುವ ಅಗಲವಾದ ಬೆಲ್ಟಿಗೆ ಫ್ಯಾಕ್ಟರಿಯಲ್ಲಿ ಪಟ್ಟಾ ಅನ್ನುತ್ತಿದ್ದರು; ದಪ್ಪ ಬಟ್ಟೆಯ ಪದರುಗಳಿಗೆ ರಬ್ಬರ್ ಕುಡಿಸಿದ್ದು. ಸವೆದು ಬಿಸಾಡಿದ ಪಟ್ಟಾವೊಂದನ್ನು ಅಪ್ಪ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದ. ಕಿತ್ತೂರಿನ ಹೈವೇ ಪಕ್ಕದ ಟೈರಿನ ಅಂಗಡಿಯಿಂದ ಲಾರಿ ಟೈರಿನ ತುಂಡು ತಂದ. ಪಡಸಾಲೆಯ ನಡುವೆ ಕೂತು, ದಬ್ಬಣದಿಂದ ತೂತು ಮಾಡಿ, ಚಪ್ಪಲಿ ಹೊಲಿಯುವ ದಾರದಿಂದ ಹೊಲಿದ. ಅವನು ಮಾಡಿದ್ದು ಎರಡು ಕುಣಿಕೆ. ದೊಡ್ಡದು ಗಿಡವನ್ನೂ ಏರುವವನ ಸೊಂಟವನ್ನೂ ಸುತ್ತಿ ಬರುತ್ತಿತ್ತು. ಸಣ್ಣದು ಗಿಡವನ್ನು ಸುತ್ತಿ, ಟೈರಿನ ಎರಡು ಕಿವಿಗಳಲ್ಲಿ ಪಾದಗಳನ್ನು ಹಿಡಿಯುತ್ತಿತ್ತು. ಕಾಲು ಮಡಚಿ ಕೆಳಗಿನದನ್ನು ಮೇಲಕ್ಕೆ ಜಗ್ಗಬೇಕು, ಅದರ ಮೇಲೆ ನಿಲ್ಲಬೇಕು, ಸೊಂಟದ್ದನ್ನು ಮೇಲಕ್ಕೆ ಎಸೆಯಬೇಕು, ಹಿಂದಕ್ಕೆ ಒರಗಬೇಕು, ಮತ್ತೆ ಕಾಲು. ಕಂಬಳಿಹುಳ ಇದನ್ನೇ ಮಾಡುತ್ತದೆ, ಯಾರ ಪ್ರಶಂಸೆಯನ್ನೂ ಬಯಸದೆ. “ಭಾರ ಬಿದ್ರ ಬಿಗಿ, ಭಾರ ಎತ್ತಿದ್ರ ಸಡ್ಲ” ಎಂಬುದು ಅದರ ಮೂಲಮಂತ್ರ. ಅಜ್ಜನ ಮಂತ್ರಗಳಲ್ಲಿ ಒಂದೂ ಬಾರದ ಅಪ್ಪ ಇದೊಂದನ್ನು ತಾನೇ ರಚಿಸಿಕೊಂಡು ದಿನವೂ ಜಪಿಸುತ್ತಿದ್ದ. ಪಟ್ಟಾದ ಒಳಮೈಗೆ ರಾಳ ತಿಕ್ಕುತ್ತಿದ್ದ. ಫ್ಯಾಕ್ಟರಿಯಲ್ಲಿ ಬೆಲ್ಟು ಜಾರಬಾರದೆಂದು ಹಚ್ಚುವುದು ಅದನ್ನೇ.

“ಪಟ್ಟಾಕ್ಕ ಎಣ್ಣಿ ತಾಗಬಾರದು. ತಾಗಿದ್ರ ಅದು ಪಟ್ಟಾ ಅಲ್ಲ, ಹಾವು” ಎಂದು ನನಗೆ ಹೇಳಿ, ನೆನಪಿರಲೆಂದು ಕಿವಿ ಹಿಂಡಿದ.

ಮೊದಲ ಪ್ರಯೋಗ ನಡೆದದ್ದು ಪಡಸಾಲೆಯ ಕಂಬದ ಮೇಲೆ. ಆಯಿ ದೇವರ ಕೋಲಿಯಿಂದ ಗಂಟೆ ಬಾರಿಸಿದಳು. ಅಪ್ಪ ಜಂತಿಗೆ ತಲೆ ತಾಗುವಷ್ಟು ಎತ್ತರ ಏರಿ, ಜಯದ ನಗೆ ನಕ್ಕು, ಹೊಲಿಗೆ ಬಿಚ್ಚಿಹೋಗಿ, ಅವ್ವ ಜೋಳ ಕೇರುತ್ತಿದ್ದ ಮೊರದ ಮೇಲೆ ಕೂತ. ಎದ್ದು ಮೊದಲು ಅವ್ವನಿಗೆ ಎರಡು ಬಾರಿಸಿದ, ಆಮೇಲೆ ಹೊಲಿಗೆ ಪರೀಕ್ಷಿಸಿದ. ಸಂಶೋಧನೆಯ ಕ್ರಮ ಅದೇ ಆಗಿತ್ತು. ಎಂಟು ಹತ್ತು ದಿನದಲ್ಲಿ ಪಟ್ಟಾ ಸಿದ್ಧವಾಗಿ ಅಪ್ಪ ನಿಜವಾದ ಗಿಡ ಏರಿದ. ಇಳಿದ ಮೇಲೆ ಗಿಡದ ಮೈ ಸವರಿ, ಒಂದು ಗೀರೂ ಇಲ್ಲವೆಂದು ಓಣಿಯವರನ್ನೆಲ್ಲ ಕರೆದು ತೋರಿಸಿದ. ಉಳಿದ ಒಂದು ಮೊಳ ಪಟ್ಟಾ ವ್ಯರ್ಥವಾಗಲಿಲ್ಲ. ಅದನ್ನು ಅಡುಗೆಮನೆಯ ಬಾಗಿಲ ಮೊಳೆಗೆ ನೇತುಹಾಕಲಾಯಿತು. ಅದು ಯಾತಕ್ಕೆಂದು ಯಾರೂ ಕೇಳಲಿಲ್ಲ.

ಆಮೇಲೆ ನನಗೂ ಒಂದು ಸಣ್ಣ ಪಟ್ಟಾ ಹೊಲಿದುಕೊಟ್ಟ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹಗುರವಾಗಿದ್ದವಳು ನಾನೊಬ್ಬಳೇ. ಹೆಣ್ಣು ಹುಡುಗಿ ಗಿಡ ಏರಿದರೆ ಕಾಯಿ ಹಿಡಿಯುವುದಿಲ್ಲ ಎಂದು ಆಯಿ ಮೂರು ದಿನ ಊಟ ಬಿಟ್ಟಳು. ಅಂದರೆ ನಮ್ಮ ಜೊತೆ ಊಟ ಬಿಟ್ಟಳು. ನಾನು ಏರಿದೆ. ಎರಡು ಗಿಡಗಳ ಸುಳಿಯಲ್ಲಿ ಅಪ್ಪ ಅತ್ತ, ನಾನಿತ್ತ, ನಡುವೆ ಗಾಳಿ. ಅಲ್ಲಿ ಅಪ್ಪನ ದನಿಯೇ ಬೇರೆ. ಯಾವ ಗರಿ ಕಡಿಯಬೇಕು, ಯಾವುದು ಇನ್ನೂ ಗಿಡಕ್ಕೆ ಅನ್ನ ಹಾಕುತ್ತಿದೆ, ಕುಡಗೋಲು ಸುಳಿಗೆ ತಾಗದಂತೆ ಹೇಗೆ ತಿರುಗಿಸಬೇಕು, ಎಲ್ಲ ಮೆಲ್ಲಗೆ ಹೇಳುತ್ತಿದ್ದ. ಫ್ಯಾಕ್ಟರಿಯ ಚಿಮಣಿ ತೋರಿಸುತ್ತಿದ್ದ. ತಪ್ಪು ಗರಿ ಕಡಿದರೂ “ಇರಲಿ ಬಿಡವಾ” ಅನ್ನುತ್ತಿದ್ದ. ಕೆಳಗಿಳಿದು ಕಾಲು ನೆಲಕ್ಕೆ ತಾಗಿದೊಡನೆ ಅದೇ ತಪ್ಪಿಗೆ ಕಪಾಳಕ್ಕೆ ಬೀಳುತ್ತಿತ್ತು, ಆ ಮಾತು ಬೇರೆ. ಗಿಡದ ಮೇಲೆ ಅಪ್ಪ ಯಾರಿಗೂ ಹೊಡೆಯುವುದಿಲ್ಲ ಎಂಬುದು ನನಗೆ ಸೂರ್ಯ ಮೂಡುವಷ್ಟೇ ಖಾತ್ರಿಯಾಗಿತ್ತು. ನಾನು ಒಣಗಿದ ಗರಿ ಹುಡುಕಿ ಹುಡುಕಿ ಅವನಿಗೆ ವರದಿ ಒಪ್ಪಿಸತೊಡಗಿದೆ. ಅಷ್ಟು ಹೊತ್ತು ಅವ್ವ ನಿಶ್ಚಿಂತಳಾಗಿ ರೊಟ್ಟಿ ಬಡಿಯುತ್ತಿದ್ದಳು.

ಮಹಾನವಮಿ ಬಂತು. ಖಂಡೇಪೂಜೆಯ ದಿನ ಮನೆಯ ದುಡಿಯುವ ಸಾಮಾನೆಲ್ಲ ತೊಳೆದು, ಎಣ್ಣೆ ಹಚ್ಚಿ, ವಿಭೂತಿ ಬಳಿದು, ದೇವರ ಮುಂದೆ ಜೋಡಿಸುವುದು ನಮ್ಮಲ್ಲಿ ಪದ್ಧತಿ. ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಂಡು, ಪೂಜೆ ಎತ್ತಿದ ಮೇಲೇ ಅವನ್ನು ಮುಟ್ಟಬೇಕು. ಅಪ್ಪ ಫ್ಯಾಕ್ಟರಿಯ ಪೂಜೆಗೆ ಹೋಗಿದ್ದ. ಎಣ್ಣೆಯ ಬಟ್ಟಲು ಹಿಡಿದು ಕೂತವಳು ನಾನು, ಮೇಲ್ವಿಚಾರಣೆ ಆಯಿಯದು. ಕುಡಗೋಲು, ಈಳಿಗೆ, ಅಪ್ಪನ ಪಾನಾಗಳು, ದಬ್ಬಣ, ಎಲ್ಲ ಆದವು.

“ಪಟ್ಟಾ?” ಎಂದಳು ಆಯಿ.

“ಪಟ್ಟಾಕ್ಕ ಎಣ್ಣಿ ಹಚ್ಚಬಾರದಂತ ಆಯಿ. ಅಪ್ಪ ಅಂದಾರ.”

“ನಿಮ್ಮಪ್ಪ ನನ್ನ ಹೊಟ್ಟ್ಯಾಗಿಂದ ಬಂದಾನೋ, ನಾನು ಅವನ ಹೊಟ್ಟ್ಯಾಗಿಂದ ಬಂದೇನೋ?”

“ಅದಲ್ಲ ಆಯಿ, ಜಾರತೈತಿ.”

“ಅನ್ನಾ ಹಾಕೂ ಸಾಮಾನಿಗೆ ಎಣ್ಣಿ ಇಲ್ಲದ ಒಣಾ ಪೂಜಿ ಮಾಡಿಸಿ ಮನೀಗೆ ಮಾರಿ ತರತೀಯೇನ? ಹಚ್ಚ.” ಊದುಗೊಳವೆ ಆಯಿಯ ಕೈಯಳತೆಯಲ್ಲೇ ಇತ್ತು. “ಅದೇನ, ನಿಂದು ಆಟದ ಪಟ್ಟಾ, ಅದನ್ನ ಇತ್ತಾಗ ತರಬ್ಯಾಡ. ದೇವರ ಮುಂದ ಹೆಣ್ಣ ಹುಡಗೀ ಪಟ್ಟಾ ಇಟ್ಟರ ನಾಲ್ಕ ಮಂದಿ ನಗತಾರ.”

ಅಪ್ಪನ ಪಟ್ಟಾ ಎರಡಕ್ಕೂ ಒಳಗೂ ಹೊರಗೂ ಕೊಬ್ಬರಿ ಎಣ್ಣೆ ಹಚ್ಚಿದೆ. ಮೇಲೆ ಮೂರು ಬೆರಳಿನ ವಿಭೂತಿ ಎಳೆದೆ. ಒಣ ಬಟ್ಟೆ ಎಷ್ಟು ಹೊತ್ತಿಗೂ ಎಣ್ಣೆ ಕುಡಿಯುತ್ತಲೇ ಇತ್ತು. ವಿಭೂತಿ ಬಿದ್ದ ಮೇಲೆ ಮೊದಲಿನಂತೆಯೇ ಮಂಕಾಗಿ ಕಾಣುತ್ತಿತ್ತು. ಅಪ್ಪ ಬಂದ ಕೂಡಲೆ ಹೇಳಬೇಕೆಂದುಕೊಂಡೆ. ಪೂಜೆ ಎತ್ತುವ ತನಕ ಯಾರೂ ಮುಟ್ಟುವುದಿಲ್ಲವಲ್ಲ, ನಾಳೆ ಹೇಳಿದರಾಯಿತು ಎಂದುಕೊಂಡೆ. ಹೋಳಿಗೆಯೂ ಇತ್ತು.

ಮರುದಿನ, ಬನ್ನಿ ಹಬ್ಬದ ಬೆಳಗ್ಗೆ, ಗರಿಯೊಂದು ಕಳಚಿ ದನದ ಕೊಟ್ಟಿಗೆಯ ತಗಡಿನ ಮೇಲೆ ಬಿತ್ತು. ಚಹಾ ಕುಡಿಯುತ್ತಿದ್ದ ಅಪ್ಪ ಸೀದಾ ದೇವರ ಕೋಲಿಗೆ ಹೋಗಿ ಪಟ್ಟಾ ಎತ್ತಿಕೊಂಡ. ಅವ್ವ ಬಾಗಿಲಿಗೆ ಬಂದಳು.

“ಪೂಜಿ ಎತ್ತಿಲ್ರಿ ಇನ್ನ. ಸಂಜೀಗೆ ಏರಬಾರದ?”

“ಗರಿ ನಿಂದ ಮಾತ ಕೇಳಿ ಸಂಜೀತನಕ ತಡೀತೈತೇನ?”

“ವರ್ಷಕ್ಕೊಂದ ದಿನಾರಿ. ಸಾಮಾನರೆ ಉಸರ ಹಾಕಲಿ.”

‘ಸಾಮಾನರೆ’, ಅಂದರೆ ಸಾಮಾನಾದರೂ, ಎಂದದ್ದರಲ್ಲಿ ಅಪ್ಪನಿಗೆ ಏನು ಕೇಳಿಸಿತೋ. ಪೂಜೆಗೆ ಕೂಡುವ ಮಣೆ ಅಲ್ಲೇ ಇತ್ತು, ತೇಗದ್ದು, ಅಜ್ಜನ ಕಾಲದ್ದು. ಅದನ್ನು ಎರಡೂ ಕೈಯಲ್ಲಿ ಎತ್ತಿದ. ಅವ್ವನ ಎಡಗೈ ತಾನಾಗಿ ಅಡ್ಡ ಬಂತು. ಬಂದದ್ದನ್ನು ಅವಳು ನೋಡಿದಳು. ಬೆನ್ನ ಹಿಂದೆ ಇಟ್ಟುಕೊಂಡಳು. ಕೈ ಹೋದರೆ ರೊಟ್ಟಿ ಇಲ್ಲ. ಹಣೆ ಒಡ್ಡಿದಳು. ಮಣೆಯ ಅಂಚು ಹುಬ್ಬಿನ ಮೇಲೆ ಬಿತ್ತು. ಎರಡನೆಯ ಸಲ ತಲೆಯ ಮೇಲೆ. ಅವಳು ನಿಂತ ಜಾಗದಲ್ಲೇ ಕುಳಿತಳು. ರಕ್ತ ಕಣ್ಣೊಳಗಿಳಿದು, ಗಲ್ಲದಿಂದ ತೊಟ್ಟಿಕ್ಕಿ, ರಂಗೋಲಿಯ ಮೇಲೆ ಬಿತ್ತು. ಆಯಿ ಊದುಗೊಳವೆ ಕೆಳಗಿಟ್ಟಳು. ಅದಕ್ಕೆ ಕೆಲಸ ಉಳಿದಿರಲಿಲ್ಲ. ಅಪ್ಪ ಮಣೆಯನ್ನು ಇದ್ದ ಜಾಗದಲ್ಲೇ ನೆಟ್ಟಗೆ ಇಟ್ಟು, ಪಟ್ಟಾ ಹೆಗಲಿಗೇರಿಸಿ, ಹಿತ್ತಲಿಗೆ ನಡೆದ.

ಪ್ರತಿ ಸಲ ಏರುವ ಮೊದಲು ಪಟ್ಟಾದ ಒಳಮೈಯನ್ನು ಅಂಗೈಯಿಂದ ಉಜ್ಜಿ ನೋಡುವುದು ಅವನ ರೂಢಿ. ಅವತ್ತು ಸಿಟ್ಟಿನಲ್ಲಿ ಉಜ್ಜಲಿಲ್ಲ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಎಣ್ಣೆ ಐತ್ರಿ ಅಪ್ಪಾ ಎನ್ನಲು ಎರಡು ಉಸಿರಿನಷ್ಟು ಹೊತ್ತು ಸಾಕಿತ್ತು. ಅವನು ಕಾಲಿನ ಕುಣಿಕೆ ಹಾಕಿ, ಸೊಂಟದ ಕುಣಿಕೆ ಸಿಕ್ಕಿಸುವಷ್ಟು ಹೊತ್ತು ನನ್ನ ಬಳಿ ಇತ್ತು. ಗಿಡ ಏರಲು ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ನಮ್ಮಲ್ಲಿ ಕಟ್ಟಳೆಯಿದೆ, ಕರೆದರೆ ಅಪಶಕುನ. ಹತ್ತು ವರ್ಷದವರೆಗೆ ಒಂದು ಕಟ್ಟಳೆಯನ್ನೂ ನೆಟ್ಟಗೆ ಪಾಲಿಸದ ನಾನು ಅವತ್ತು ಈ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದೆ. ಕರೆಯಲಿಲ್ಲ.

ಕೆಳಗಿನ ಕಾಂಡ ಒರಟು. ಹತ್ತಾಳೆತ್ತರದ ಗಿಡದಲ್ಲಿ ಮುಕ್ಕಾಲು ಭಾಗ ಪಟ್ಟಾ ಹಿಡಿಯಿತು. ಮೇಲೆ ಹೋಗಿ ಅಪ್ಪ ನಾಲ್ಕು ಗರಿ ಕಡಿದು ಕೆಳಗೆ ಹಾಕಿದ. ಐದನೆಯದಕ್ಕೆ ಮೈ ತಿರುಗಿಸಿದಾಗ ಕಾಲಿನ ಪಟ್ಟಾ ಹಾವಾಯಿತು. ಅದು ಪಾದ ಬಿಟ್ಟು ಸರ್ರನೆ ಇಳಿದು, ಒಂದೂವರೆ ಆಳು ಕೆಳಗಿನ ಗಂಟಿಗೆ ಸಿಕ್ಕು ನಿಂತಿತು. ಅಪ್ಪ ಜಾರಿದ, ಸೊಂಟದ ಪಟ್ಟಾ ಕಂಕುಳಿಗೆ ಏರಿತು, ಎಡಗೈ ಪಟ್ಟಾ ಮತ್ತು ಎದೆಯ ನಡುವೆ ಸಿಕ್ಕಿಬಿತ್ತು. ಬಲಗೈಗೆ ಒಂದು ಗರಿಯ ಬುಡ ಸಿಕ್ಕಿತು. ಕುಡಗೋಲು ಕೆಳಗೆ ಬಂದು ಮಣ್ಣಲ್ಲಿ ನೆಟ್ಟಿತು. ಅಪ್ಪ ಹಾಗೇ ನೇತಾಡಿದ, ಕಾಲುಗಳಿಂದ ಗಿಡವನ್ನು ತಬ್ಬಿ.

ಓಣಿಯ ಗಂಡಸರು ಗುಡಿಯಲ್ಲಿದ್ದರು. ಮನೆಯ ಏಣಿ ಗಿಡದ ಕಾಲುಭಾಗಕ್ಕೂ ಮುಟ್ಟುತ್ತಿರಲಿಲ್ಲ. ಆಯಿ ಅಂಗಳದಲ್ಲಿ ಎದೆ ಬಡಿದುಕೊಂಡು ಓಡಾಡಿದಳು.

“ಏ ಗೌರೀ, ನಿನ್ನ ಪಟ್ಟಾ ತುಗೊಂಡ ಏರ! ನಿಮ್ಮಪ್ಪನ ಕಾಲಿಗೆ ಅದನ್ನ ಏರಿಸಿ ಕೊಡ!”

“ಬ್ಯಾಡ” ಎಂದಳು ಅವ್ವ. ಸೆರಗಿನಿಂದ ಹುಬ್ಬು ಒತ್ತಿ ಹಿಡಿದು ಬಾಗಿಲಿಗೆ ಒರಗಿದ್ದಳು. “ಕೂಸು ಹೋಗೂದಿಲ್ಲ.”

ನಾನು ಹೋದೆ. ನನ್ನ ಪಟ್ಟಾಕ್ಕೆ ಎಣ್ಣೆ ತಾಗಿರಲಿಲ್ಲ. ಭಾರ, ಸಡಿಲ, ಭಾರ, ಸಡಿಲ. ಗಿಡದ ಆಚೆ ಮಗ್ಗುಲಿನಿಂದ ಏರಿ, ಸಿಕ್ಕ ಕಾಲಿನ ಪಟ್ಟಾವನ್ನು ಬಿಡಿಸಿ, ನನ್ನ ಮುಂದೆ ದೂಡಿಕೊಂಡು, ಅವನ ಪಾದಕ್ಕಿಂತ ತುಸು ಕೆಳಗೆ ಕಾಲೂರಿ ನಿಂತೆ. ನನ್ನ ತಲೆ ಅವನ ಸೊಂಟದ ಮಟ್ಟಕ್ಕಿತ್ತು. ಕೈ ಚಾಚಿ ಎರಡು ಪಾದಗಳಿಗೆ ಕುಣಿಕೆ ಸಿಕ್ಕಿಸಿದರೆ ಮುಗಿಯಿತು.

“ಬಂದಿಯೇನವಾ ನನ್ನ ಮಗಳ. ಸಾವಕಾಶ. ಮೊದಲ ಎಡಗಾಲಿಗೆ ಕೊಡ” ಎಂದ ಅಪ್ಪ. ಅದೇ ಗಿಡದ ಮೇಲಿನ ದನಿ.

ಆ ದನಿ ಕೇಳಿದ್ದರಿಂದಲೇ ನನಗೆ ಧೈರ್ಯ ಬಂತು.

“ಅವ್ವಗ ಇನ್ನ ಹೊಡಿಯೂದಿಲ್ಲ ಅನ್ರಿ. ಆಮ್ಯಾಲ ಕೊಡತೇನಿ.”

ಅಪ್ಪ ತಲೆ ತಗ್ಗಿಸಿ ನನ್ನನ್ನು ನೋಡಿದ. ಅವನ ಬೆವರು ನನ್ನ ನೆತ್ತಿಯ ಮೇಲೆ ಬೀಳುತ್ತಿತ್ತು.

“ಯಾರ ಕಲಿಸಿಕೊಟ್ರ ಇದನ್ನ? ಅಕೀನ?”

“ಯಾರೂ ಇಲ್ರಿ. ಲಿಂಗಾ ಮುಟ್ಟಿ ಅನ್ರಿ.”

ಅವನ ಎಡಗೈ ಎದೆಗೆ ಒತ್ತಿಕೊಂಡು ಸರಿಯಾಗಿ ಕೊರಳಿನ ಲಿಂಗದ ಮೇಲೆಯೇ ಸಿಕ್ಕಿಕೊಂಡಿತ್ತು. ಆಣೆ ಮಾಡಲು ಅದಕ್ಕಿಂತ ಅನುಕೂಲವಾದ ಭಂಗಿ ಮನುಷ್ಯನಿಗೆ ಜೀವಮಾನದಲ್ಲಿ ಮತ್ತೆ ದೊರೆಯುವುದಿಲ್ಲ. ಒಂದು ಮಾತು, ಅಷ್ಟೇ. ಸುಳ್ಳು ಹೇಳಿದ್ದರೂ ನಾನು ನಂಬುತ್ತಿದ್ದೆ, ಕುಣಿಕೆ ಸಿಕ್ಕಿಸುತ್ತಿದ್ದೆ. ಅಪ್ಪ ಸುಳ್ಳು ಹೇಳುವವನಲ್ಲ. ಗರಿಯ ಬುಡ ಹಿಡಿದಿದ್ದ ಬಲಗೈಯನ್ನು ಬಿಟ್ಟು, ಗಿಡವನ್ನು ಬಳಸಿ ಕೆಳಗೆ ತಂದು, ನನ್ನ ಮುಖಕ್ಕೆ ಹೊಡೆದ.

ಮೂಗಿನ ಎಲುಬು ಒಳಗೆ ಸರಿದದ್ದು ತಿಳಿಯಿತು. ಕಣ್ಣು ಕತ್ತಲಾಯಿತು, ಕೈಯಲ್ಲಿದ್ದ ಕುಣಿಕೆ ಜಾರಿ ಗಿಡದ ಬುಡಕ್ಕೆ ಹೋಯಿತು. ಅದೇ ಹೊತ್ತಿಗೆ ಅಪ್ಪನ ಪೂರ್ತಿ ಭಾರ ಎಣ್ಣೆ ಕುಡಿದ ಸೊಂಟದ ಪಟ್ಟಾದ ಮೇಲೆ ಬಿತ್ತು. ಅದು ಅವನ ಎದೆಯ ಚರ್ಮವನ್ನು ಗಿಡಕ್ಕೆ ಉಜ್ಜುತ್ತ ಕೆಳಗಿಳಿದು, ನನ್ನ ಪಟ್ಟಾದ ಮೇಲೆ ಬಂದು ಕುಳಿತಿತು. ನನ್ನ ಪಟ್ಟಾ ಹಿಡಿಯಿತು. ಒಂದು ಉಸಿರಿನಷ್ಟು ಹೊತ್ತು ಇಬ್ಬರೂ ಅದರ ಮೇಲೆಯೇ ಇದ್ದೆವು. ಅವನ ಮುಖ ನನ್ನ ಮುಖದ ಎದುರಿಗೆ, ನಡುವೆ ಗಿಡದ ಕಾಂಡ. ಆಮೇಲೆ ಅವನು ತನ್ನ ಪಟ್ಟಾದೊಳಗಿಂದ ನುಸುಳಿದ. ಎಡಗೈ ಹೊರಬಂತು, ಬಲಗೈ ಪಟ್ಟಾಕ್ಕೆ ಸಿಕ್ಕು ಮೇಲೆಯೇ ಉಳಿಯಿತು, ಮೈ ಕೆಳಗೆ ಹೋಯಿತು. ಭುಜದಿಂದ ಬಂದ ಸದ್ದು ಅವ್ವನ ಮಣಿಕಟ್ಟಿನದಕ್ಕಿಂತ ದೊಡ್ಡದು. ಕೈ ಬಿಡಿಸಿಕೊಂಡು ಅವನು ಗಿಡವನ್ನು ಉಜ್ಜುತ್ತ, ಬಡಿದುಕೊಳ್ಳುತ್ತ ಜಾರಿ, ಕೊನೆಯ ಮೂರಾಳು ಎತ್ತರವನ್ನು ಗಾಳಿಯಲ್ಲೇ ಮುಗಿಸಿ, ತಾನೇ ಕಡಿದು ಹಾಕಿದ್ದ ಗರಿಗಳ ಮೇಲೆ ಬಿದ್ದ. ಗರಿಗಳು ಇಲ್ಲದಿದ್ದರೆ ಈ ಅಧ್ಯಾಯ ಇನ್ನೂ ಚಿಕ್ಕದಾಗುತ್ತಿತ್ತು.

ಅಪ್ಪ ಕಲಿಸಿದ ರೀತಿಯಲ್ಲೇ ನಾನು ಇಳಿದೆ. ಅವಸರ ಮಾಡಲಿಲ್ಲ. ಕಾಲು ನೆಲಕ್ಕೆ ತಾಗಿದಾಗ ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ.

ಗುಡಿಯಿಂದ ಓಡಿಬಂದವರು ಬಾಗಿಲನ್ನೇ ಕಿತ್ತು ಅದರ ಮೇಲೆ ಅಪ್ಪನನ್ನು ಮಲಗಿಸಿ, ಟೆಂಪೋದಲ್ಲಿ ಧಾರವಾಡಕ್ಕೆ ಒಯ್ದರು. ಪೂಜೆ ಎತ್ತುವ ಮೊದಲೇ ಸಾಮಾನು ಮುಟ್ಟಿದ್ದರಿಂದ ಹೀಗಾಯಿತೆಂದು ಆಯಿ ಬಂದವರಿಗೆಲ್ಲ ಹೇಳಿದಳು, ಸಾಯುವತನಕ ಹೇಳಿದಳು. ಫ್ಯಾಕ್ಟರಿಯಿಂದ ನೋಡಲು ಬಂದ ಫಿಟ್ಟರೊಬ್ಬ ಪಟ್ಟಾವನ್ನು ಮೂಸಿ, “ಇದಕ್ಕ ಎಣ್ಣಿ ಹಚ್ಚಿದ ಶಾಣ್ಯಾ ಯಾರು?” ಎಂದು ಕೇಳಿದ. ಅಪ್ಪ ಬಿದ್ದ ದಿನ ಸಂಜೆ ನಾನು ಅವ್ವನ ಬಳಿ ಕೂತೆ. ಅವಳ ಹುಬ್ಬಿಗೆ ಅರಿಷಿಣ ಮೆತ್ತಿತ್ತು, ನನ್ನ ಮೂಗಿಗೂ ಅದೇ ಬಟ್ಟಲಿನದು.

“ಅವ್ವಾ, ಪಟ್ಟಾಕ್ಕ ಎಣ್ಣಿ ಹಚ್ಚಿದಾಕಿ ನಾನು. ಏರೂವಾಗ ಹೇಳಬೇಕಾಗಿತ್ತು. ಹೇಳಲಿಲ್ಲ.”

“ಗೊತ್ತೈತಿ. ಅಡಗೀಮನ್ಯಾಗಿಂದ ನೋಡಿದ್ನಿ.”

“ನೀನರೆ ಹೇಳಬಾರದಿತ್ತ?”

ಅವ್ವ ಬಟ್ಟಲಿನ ತಳ ಬೆರಳಿನಿಂದ ಒರೆಸಿ, ನನ್ನ ಮೂಗಿಗೆ ಇನ್ನಷ್ಟು ಹಚ್ಚಿದಳು.

“ಏರಾವರನ್ನ ಹಿಂದಿಂದ ಕರೀಬಾರದವಾ” ಎಂದಳು.

ನನ್ನ ಮೂಗು ಇಂದಿಗೂ ಬಲಕ್ಕೆ ವಾಲಿದೆ. ಹುಟ್ಟಿನಿಂದಲೇ ಹೀಗೋ ಎಂದು ಕೇಳಿದವರಿಗೆ ಹೌದು ಎನ್ನುತ್ತೇನೆ. ಅದರಲ್ಲಿ ಸುಳ್ಳು ಬಹಳವೇನಿಲ್ಲ. ಅಪ್ಪನ ಮೇಲೆ ನನಗೆ ಮರುಕವಿತ್ತೋ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಇತ್ತು. ಎರಡು ಗಿಡಗಳ ನಡುವೆ ಕೇಳುತ್ತಿದ್ದ ಆ ದನಿಯನ್ನು ನಾನು ಅವತ್ತೇ ಕಳೆದುಕೊಂಡೆ. ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ಅವ್ವನ ಹುಬ್ಬಿನ ನೆನಪಾದರೆ ಆ ಉರಿಯೂ ಆರುತ್ತದೆ.

ಅಪ್ಪ ದೀಪಾವಳಿ ಕಳೆದ ಮೇಲೆ ಮನೆಗೆ ಬಂದ. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಫ್ಯಾಕ್ಟರಿಯವರು ಅವನನ್ನು ಗೇಟಿನಲ್ಲಿ ಕಾವಲಿಗೆ ಕೂಡಿಸಿದರು. ಸಂಕ್ರಮಣದ ದಿನ, ಹಬ್ಬದ ಸಿಹಿ ಮಾದಲಿಗೆ ತುಪ್ಪ ಕಡಿಮೆಯಾಯಿತೆಂದು, ಎಡಗೈಯಲ್ಲಿ ತಂಬಿಗೆ ಎತ್ತಿದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಆ ಕೈಯ ಮಣಿಕಟ್ಟು ಹಿಡಿದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯೇಳುವ ತನಕ ಹಿಡಿದೇ ಇದ್ದಳು; ಬಿಟ್ಟ ಮೇಲೆ ಹೋಗಿ ಅದೇ ರೊಟ್ಟಿಯನ್ನು ತಂದು ಅವನ ತಾಟಿಗೆ ಹಾಕಿದಳು. ಅವನು ತಿಂದ.

ಅಪ್ಪ ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಆ ಹತ್ತೊಂಬತ್ತು ವರ್ಷ ಅವ್ವನಿಗೆ ಯಾರೂ ಹೊಡೆಯಲಿಲ್ಲ.